ತಟ್ಟೆ ತಿರುಗಿಸುವ ಕೈ

ಕರ್ ಕರ್, ಕರ್ ಕರ್, ಚಮಚೆ ಟರ್ನಿಪ್ ಗಡ್ಡೆಯ ಹೊಟ್ಟೆ ಕೆರೆಯುತ್ತಿದೆ, ಹಲ್ಲು ಜುಮ್ಮೆನ್ನಿಸುವ ಸದ್ದು, ಕಲ್ಲಿನಂಥ ಗಡ್ಡೆ ಇದು, ಅಂಗಡಿಯಿಂದ ಕುಂಬಳಕಾಯಿ ತರ್ಲಾ ಅತ್ತೆ, ಮಗು ಯಾಕೆ ಕೈ ನೋಯಿಸ್ಕೋಬೇಕು ಅಂದಿದ್ದ ಅಳಿಯ ಫಿಂಟನ್, ಬೇಡಪ್ಪ, ಈ ಮನೇಲಿ ಹ್ಯಾಲೋವೀನ್ ದೀಪ ಅಂದ್ರೆ ಟರ್ನಿಪ್ಪೇ, ನೋಯ್ಲಿ, ಅವಳಮ್ಮನ ಕೈಯೂ ನೋಯ್ತಿತ್ತು ಅಂದೆ, ಅಷ್ಟಕ್ಕೇ ಅವನ ಮುಖ ಕಿಟಕಿಯ ಕಡೆ ತಿರುಗಿತು, ಗ್ರಾನ್ಯಳ ಸುದ್ದಿ ಬಂದರೆ ಹಾಗೇ ಅವನು, ನಾನೂ ಹಾಗೇ, ಮಗಳು ಹೋದ ಮೇಲೆ ಇದು ಮೂರನೆಯ ಹ್ಯಾಲೋವೀನ್, ಆದರೂ ಹೆಸರು ಬಂದಾಗ ಇಬ್ಬರೂ ಕಿಟಕಿಯಾಚೆ ಮಳೆ ನೋಡುತ್ತೇವೆ, ಈ ಲೀಟ್ರಿಮ್ ಸೀಮೆಯಲ್ಲಿ ನೋಡಲು ಮಳೆಯೊಂದಕ್ಕೆ ಎಂದೂ ಬರವಿಲ್ಲ — ಅಜ್ಜಿ, ಇದಕ್ಕೆ ಹಲ್ಲು ಎಷ್ಟಿಡ್ಲಿ, ಎಷ್ಟಾದ್ರೂ ಇಡು ಓರ್ಲಾ, ನನಗಿಂತ ಜಾಸ್ತಿ ಇದ್ರೆ ಸಾಕು, ನಗುತ್ತಾಳೆ, ಮುಂದಿನ ಹಲ್ಲು ಅವಳಿಗೂ ಇಲ್ಲ, ಮೇಜಿನ ತುಂಬ ಅವಳು ಕತ್ತರಿಸಿದ ರಟ್ಟು, ಓಟ್ಸ್ ಪೊಟ್ಟಣಗಳನ್ನು ಬಿಡಿಸಿ ಮುಖವಾಡ ಮಾಡಿದ್ದಾಳೆ, ಗೂಬೆ ಅವಳಿಗೆ, ಮೇಕೆ ಅಪ್ಪನಿಗೆ, ಮಾಟಗಾತಿ ನನಗೆ, ಅದಕ್ಕೇನು ರಟ್ಟು ಬೇಕಿರಲಿಲ್ಲ, ಇನ್ನೊಂದು ಬೆಕ್ಕಿನ ಮುಖ, ಮೀಸೆಗೆ ನನ್ನ ಪೊರಕೆಯ ಕಡ್ಡಿಗಳನ್ನೇ ಕಿತ್ತು ಅಂಟಿಸಿದ್ದಾಳೆ, ಎಲ್ಲಕ್ಕಿಂತ ಅಂದವಾಗಿದೆ, ಅದು ಯಾರಿಗೆ ಅಂತ ನಾನು ಕೇಳಲಿಲ್ಲ, ಅವಳೇ ಹೇಳಿದಳು, ಡರ್ವಲಾಗೆ.

ಡರ್ವಲಾ. ಫಿಂಟನ್‌ಗೆ ಹೊಸ ಗೆಳತಿಯಂತೆ, ದನದ ಡಾಕ್ಟರ ಹತ್ತಿರ ಕೆಲಸ ಮಾಡುವವಳಂತೆ, ಕರು ಎಳೆಯುವಷ್ಟು ಗಟ್ಟಿ ಕೈಯಂತೆ, ಒಳ್ಳೆಯವಳಂತೆ, ಎಲ್ಲ ಅಂತೆಗಳೇ, ಇವತ್ತು ಕಣ್ಣಾರೆ ನೋಡುವುದು, ನಿನ್ನೆ ಫಿಂಟನ್ ಫೋನು ಮಾಡಿದಾಗ ನಾನು ಹಬ್ಬಕ್ಕೆ ಭವಿಷ್ಯ ಹೇಳುವ ಬ್ರ್ಯಾಕ್ ರೊಟ್ಟಿಯ ಹಿಟ್ಟು ತಟ್ಟುತ್ತಿದ್ದೆ, ರಾತ್ರಿಯೆಲ್ಲ ಚಹಾದಲ್ಲಿ ನೆಂದ ದ್ರಾಕ್ಷಿ ಉಬ್ಬಿ ಕೂತಿತ್ತು, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ತಟ್ಟುತ್ತಲೇ ಇದ್ದೆ, ಅವನದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತು, ಅಂದ್ರೆ ಅತ್ತೆ, ನಾಳೆ ಸಂಜೆ ಊಟಕ್ಕೆ, ಅಂದ್ರೆ ನಿಮಗೆ ಬೇಜಾರಿಲ್ದಿದ್ರೆ, ಡರ್ವಲಾ ಕೂಡ, ಬರ್ಲಿ ಬಿಡು, ಆಲೂಗಡ್ಡೆ ಒಂದು ಹೆಚ್ಚಿಗೆ ಬೇಯಿಸ್ತೀನಿ ಅಂದೆ, ಬಾಯಿ ಅಂದಿತು, ಕೈ ತನ್ನ ಪಾಡಿಗೆ ಬಟಾಣಿ, ಕಡ್ಡಿ, ಚಿಂದಿ ಬಟ್ಟೆ, ನಾಣ್ಯ ಒಂದೊಂದಾಗಿ ಹಿಟ್ಟಿನೊಳಗೆ ತುರುಕಿತು, ಕೊನೆಗೆ ಬೆಣ್ಣೆಕಾಗದದಲ್ಲಿ ಸುತ್ತಿದ ಉಂಗುರ, ಯಾರ ಪಾಲಿಗೆ ಉಂಗುರ ಬಂತೋ ಅವರಿಗೆ ವರ್ಷದೊಳಗೆ ಮದುವೆ, ಚಿಂದಿ ಬಂದವರಿಗೆ ಬಡತನ, ನನಗೆ ಜೀವಮಾನವೆಲ್ಲ ಚಿಂದಿಯೇ ಬಂದಿದೆ, ಸುಳ್ಳೇನಲ್ಲ — ಉಂಗುರ ತುರುಕಿದ ಕಡೆ ಅಂಚಿನಲ್ಲಿ ಹೆಬ್ಬೆರಳು ಒತ್ತಿದೆ, ಬೆಂದ ಮೇಲೂ ಒಂದು ಸಣ್ಣ ಗುಳಿ ಉಳಿಯುತ್ತದೆ, ನೋಡಿದವರಿಗೆ ಒಲೆಯ ದೋಷ ಅನ್ನಿಸಬೇಕು ಅಷ್ಟೇ, ಈ ಮೋಸ ನನ್ನಮ್ಮನದು, ಮನೆಯ ಚಿಕ್ಕವರ ಪಾಲಿಗೇ ಉಂಗುರ ಹೋಗಲಿ ಅಂತ, ಗ್ರಾನ್ಯ ಚಿಕ್ಕವಳಿದ್ದಾಗಲೇ ಪತ್ತೆ ಹಚ್ಚಿದ್ದಳು, ಅಮ್ಮಾ, ನೀನು ಕಳ್ಳಿ ಅಂತ ಕಿವಿಯಲ್ಲಿ ಉಸುರಿದ್ದಳು, ಕೊನೆಯ ವರ್ಷ ಹಿಟ್ಟು ನಾದಲು ಅವಳ ಕೈಯಲ್ಲಿ ಶಕ್ತಿ ಇರಲಿಲ್ಲ, ಕೂದಲು ಉದುರಿದ ತಲೆಗೆ ನನ್ನ ಉಣ್ಣೆಯ ಟೋಪಿ, ಇದೇ ಮೇಜಿನ ಮುಂದೆ ಕೂತು, ಗುರುತು ನಾನೇ ಒತ್ತೀನಮ್ಮ ಅಂದಳು, ಒತ್ತಿದಳು, ಎಷ್ಟು ಮೆಲ್ಲಗೆ ಅಂದರೆ ಬೆಂದ ಮೇಲೆ ಗುಳಿ ಕಾಣಲೇ ಇಲ್ಲ.

ಬೆಂಕಿಪೊಟ್ಟಣ ಎಲ್ಲಿ ಅಜ್ಜಿ, ದೀಪ ರೆಡಿ, ಇರು ಮಗಾ ಬಂದೆ, ಡ್ರಾಯರಿನಲ್ಲಿ ದಾರದುಂಡೆ, ಹುಟ್ಟುಹಬ್ಬದ ಮೇಣದಬತ್ತಿ, ಹಳೆಯ ಸಾಸಿವೆ ಡಬ್ಬಿ, ಅದರಲ್ಲಿ ಕಡ್ಡಿ ಇರಬಹುದು, ಇಲ್ಲ, ಬೆಣ್ಣೆಕಾಗದದ ಸುರುಳಿ ಒಂದೇ, ಅದು ಅವಳದು, ಗ್ರಾನ್ಯಳ ಮದುವೆಯುಂಗುರ, ಮಣ್ಣು ಮಾಡಿ ಬಂದ ಸಂಜೆ ಫಿಂಟನ್ ನನ್ನ ಅಂಗೈಯಲ್ಲಿಟ್ಟದ್ದು, ಓರ್ಲಾ ದೊಡ್ಡವಳಾಗೋವರೆಗೂ ನಿಮ್ಮ ಹತ್ರನೇ ಇರ್ಲಿ ಅತ್ತೆ, ಒಡವೆಯ ಪೆಟ್ಟಿಗೆಗೆ ಹಾಕಲು ಮನಸ್ಸಾಗದೆ ರೊಟ್ಟಿಯ ಹಿತ್ತಾಳೆ ಉಂಗುರದ ಜೊತೆಗೇ, ಅದರಂತೆಯೇ ಕಾಗದ ಸುತ್ತಿ ಇಟ್ಟಿದ್ದೆ, ಅಡುಗೆಮನೆಯಲ್ಲಿದ್ದರೆ ಜೊತೆಯಲ್ಲಿದ್ದಂತೆ, ದಿನವೂ ಒಮ್ಮೆ ಬಿಚ್ಚಿ ನೋಡಬಹುದು, ಬಿಚ್ಚಿದೆ, ಹಸಿರು ಕಟ್ಟಿದ ಹಿತ್ತಾಳೆ, ಇದು ಇಲ್ಲಿದ್ದರೆ ಅದು ಎಲ್ಲಿ, ಎಲ್ಲಿ ಅಂದರೇನು, ಮೇಜಿನ ಮೇಲೆ ಬಿಳಿ ಬಟ್ಟೆ ಹೊದ್ದು ಕೂತಿದೆಯಲ್ಲ, ಮಗಳ ಉಂಗುರವನ್ನು ನನ್ನ ಕೈಯಾರೆ ಬೇಯಿಸಿಟ್ಟೆ, ಅಯ್ಯೋ ಮುದುಕಿ — ಈಗಲೇ ಮುರಿದು ತೆಗೆಯಲೇ, ಓರ್ಲಾ ನೋಡುತ್ತಿದ್ದಾಳೆ, ಮುರಿದ ರೊಟ್ಟಿ ಹೊಸಬಳ ಮುಂದಿಡುವುದೇ, ಇಲ್ಲ, ತಡಿ, ಗುಳಿ ಇದೆಯಲ್ಲ, ಗುಳಿ ಇರುವ ಹೋಳು ಓರ್ಲಾಳ ಮುಂದೆ ಬರುವಂತೆ ತಟ್ಟೆ ಇಟ್ಟರಾಯಿತು, ಕಾಗದ ಬಿಚ್ಚುತ್ತಾಳೆ, ಚಿನ್ನ ಹೊಳೆಯುತ್ತದೆ, ಇದು ನಿಮ್ಮಮ್ಮಂದು ಕಂದಾ ಅಂತೀನಿ, ಎಲ್ಲರೂ ಕೇಳಲಿ, ಬೆಕ್ಕಿನ ಮುಖವಾಡದವಳೂ ಕೇಳಲಿ, ಈ ಮನೆಯಲ್ಲಿ ಯಾರ ಜಾಗ ಯಾರದು ಅಂತ ತಿಳಿಯಲಿ, ಇಂಥದೊಂದು ಖುಷಿ ನನಗಾಯಿತು, ಆಗಲಿ, ನನಗೆ ಹೊಟ್ಟೆಕಿಚ್ಚು, ಮಗಳನ್ನು ಕಳಕೊಂಡವಳಿಗೆ ಅಷ್ಟೂ ಇರಬಾರದೇ, ಮೊಮ್ಮಗಳನ್ನೂ ಬಿಟ್ಟುಕೊಡಬೇಕೇ, ಬೆಂಕಿಪೊಟ್ಟಣ ಕಿಟಕಿಯ ಹತ್ತಿರವೇ ಇತ್ತು.

ಬಂದರು, ಇನ್ನೂ ಬೆಳಕಿತ್ತು, ಕಿಟಕಿಯಲ್ಲಿ ಗಡ್ಡೆಯ ದೀಪದ ಮುಚ್ಚಳ ಸೀಯುತ್ತಿತ್ತು, ಆ ವಾಸನೆ ಇಲ್ಲದೆ ನನಗೆ ಅಕ್ಟೋಬರ್ ಮುಗಿಯುವುದಿಲ್ಲ, ಡರ್ವಲಾಳ ಮೂಗು ಮಳೆಗೆ ಕೆಂಪಾಗಿತ್ತು, ಕೈಯಲ್ಲಿ ತೋಟದ ಸೇಬಿನ ಚೀಲ, ದಾರ ಕಟ್ಟಿ ತೂಗುಬಿಟ್ಟು ಬಾಯಲ್ಲಿ ಕಚ್ಚುವ ಆಟಕ್ಕೆ, ಓರ್ಲಾ ಹೇಳಿದ್ಲು, ಗಟ್ಟಿ ಸೇಬೇ ಬೇಕಂತೆ ಅಂದಳು, ಒಲೆಯ ಪಕ್ಕದ ಖಾಲಿ ಕುರ್ಚಿ ನೋಡಿದಳು, ಅದು ಇವತ್ತು ಸಂಜೆ ಸತ್ತವರಿಗೆ, ಮುಂದೆ ತಟ್ಟೆ ಲೋಟ ಇಟ್ಟಿದ್ದೆ, ಅವಳು ಸುಮ್ಮನೆ ಹೋಗಿ ಕಾಲ್ಮಣೆ ಎಳೆದುಕೊಂಡು ಕೂತಳು, ಕುರ್ಚಿಯಲ್ಲೇ ಕೂತುಬಿಟ್ಟಿದ್ದರೆ ಒಂದು ಮಾತು ಆಡಲು ನನಗೂ ಸಿಗುತ್ತಿತ್ತು, ಬೆಕ್ಕಿನ ಮುಖವಾಡ ಹಾಕಿಕೊಂಡೇ ಆಲೂಗಡ್ಡೆ ಕೋಸು ತಿಂದಳು, ಮೀಸೆಗೆ ಬೆಣ್ಣೆ ಮೆತ್ತಿತು, ಓರ್ಲಾ ಬಿದ್ದು ಬಿದ್ದು ನಕ್ಕಳು, ಈ ಮನೆಯಲ್ಲಿ ಅಷ್ಟು ಜೋರಾಗಿ ನಕ್ಕು ಎಷ್ಟು ದಿನವಾಗಿತ್ತು — ರೊಟ್ಟಿ ಕೊಯ್ದೆ, ನೀಲಿ ಅಂಚಿನ ತಟ್ಟೆ, ಯಾರ ಮುಂದೆ ಯಾವ ಹೋಳು ನಿಂತಿತೋ ಅದೇ ಅವರದು, ಆರಿಸುವ ಹಾಗಿಲ್ಲ, ಗುಳಿ ಓರ್ಲಾಳ ಮುಂದೆ ಬರುವಂತೆ ಇಟ್ಟೆ, ಕೈ ತೆಗೆದೆ, ಅಜ್ಜಿ, ಈ ಸಲ ತಟ್ಟೆ ನಾನು ತಿರುಗಿಸ್ತೀನಿ, ಬೇಡ ಕಂದಾ ಅನ್ನುವಷ್ಟರಲ್ಲಿ ಪುಟ್ಟ ಹೆಬ್ಬೆರಳು ನೀಲಿ ಅಂಚಿನ ಮೇಲೆ, ತಟ್ಟೆ ಮೆಲ್ಲಗೆ ತಿರುಗಿತು, ಗುಳಿ ಫಿಂಟನ್‌ನನ್ನು ದಾಟಿತು, ನನ್ನನ್ನು ದಾಟಿತು, ಓರ್ಲಾಳ ಕಣ್ಣು ಗುಳಿಯ ಮೇಲೇ ಇತ್ತು, ಕಾಲ್ಮಣೆಯ ಮುಂದೆ ನಿಂತಿತು.

ಬಿಸಿ ತುಪ್ಪ, ನುಂಗಲಾರೆ ಉಗುಳಲಾರೆ, ತಡೀರಿ ಅನ್ನಬೇಕು, ಅನ್ನದೆ ನನ್ನ ಹೋಳು ಮುರಿದೆ, ಚಿಂದಿ, ಇರಲಿ, ಅದರದೇನು ಹೊಸದು, ಡರ್ವಲಾ ಕಾಗದ ಬಿಚ್ಚಿದಳು, ನಗು ಅರ್ಧಕ್ಕೆ ನಿಂತಿತು, ಇದು ರೊಟ್ಟಿ ಉಂಗುರ ಅಲ್ಲ ಅಲ್ವಾ ಅಂದಳು, ಫಿಂಟನ್ ಮೇಕೆಯ ಮುಖವಾಡ ತೆಗೆದ, ಮುಖ ಸುಣ್ಣ ಬಳಿದಂತಿತ್ತು, ಅತ್ತೆ ಅಂದ, ಅಷ್ಟೇ, ಏನು ಕೇಳಿದ ಹಾಗಾಯಿತು ಅದು, ಬೇಕಂತ ಮಾಡಿದಿರಾ ಅಂತಲೋ, ಕ್ಷಮಿಸಿದಿರಾ ಅಂತಲೋ, ನಾನು ಏನಾದರೂ ಹೇಳುವ ಮುಂಚೆ ಡರ್ವಲಾಳೇ ಎದ್ದು ಬಂದಳು, ಗಟ್ಟಿ ಕೈ, ಹೌದು, ಉಂಗುರವನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು, ಇದು ನಿಮ್ಮ ಹತ್ರ ಇರ್ಲಿ ಅಮ್ಮಾ ಅಂದಳು, ದ್ರಾಕ್ಷಿಯ ಅಂಟು, ಚಿನ್ನ ಇನ್ನೂ ಬೆಚ್ಚಗಿದೆ ಅನ್ನಿಸಿತು, ಇರಲಾರದು, ನಿನ್ನೆ ಬೇಯಿಸಿದ್ದು — ಓರ್ಲಾ ಗೂಬೆಯ ಮುಖ ಕೆಳಗಿಟ್ಟು ನನ್ನ ತೋಳಿಗೆ ಒರಗಿದಳು, ಕಿವಿಯಲ್ಲಿ ಉಸುರಿದಳು, ಅಜ್ಜಿ ಬೈಬೇಡ, ನಾನೇ ಅವಳ ಕಡೆ ತಿರುಗಿಸ್ದೆ, ಗುಳಿ ನಂಗೊತ್ತು, ಅಮ್ಮ ಹೇಳ್ಕೊಟ್ಟಿದ್ಲು, ಅಪ್ಪ ಫಸ್ಟ್ ಟೈಮ್ ಇಲ್ಲಿಗೆ ಬಂದಾಗ ಅಮ್ಮಾನೂ ಹಿಂಗೇ ತಿರುಗಿಸಿದ್ಲಂತೆ, ಯಾರು ಹೋಗ್ಬಾರ್ದೋ ಅವ್ರ ಕಡೆ ತಿರುಗಿಸ್ಬೇಕಂತೆ — ಆ ವರ್ಷ, ಹೌದು, ಗುಳಿ ನಾನು ಗ್ರಾನ್ಯಳ ಮುಂದೆ ಇಟ್ಟಿದ್ದೆ, ಉಂಗುರ ಆ ನಾಚಿಕೆಯ ಹುಡುಗ ಫಿಂಟನ್‌ನ ಬಾಯಿಗೆ ಸಿಕ್ಕಿತ್ತು, ಹೇಗೆ ಅಂತ ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ, ನಾನು ಚಹಾ ಸೋಸಲು ಬೆನ್ನು ತಿರುಗಿಸಿದಾಗ, ಆಗ, ಅವಳ ಹೆಬ್ಬೆರಳು, ನೀಲಿ ಅಂಚು, ಮೆಲ್ಲಗೆ, ಹಾಗಾದರೆ ಕೊನೆಯ ವರ್ಷ, ಉಣ್ಣೆಯ ಟೋಪಿಯವಳೇ, ಗುರುತು ನಾನೇ ಒತ್ತೀನಿ ಅಂದೆಯಲ್ಲ, ಯಾರು ಹೋಗಬಾರದೋ ಅವರ ಕಡೆ, ನನಗೆ ಯಾಕೆ ಹೇಳಿಕೊಡಲಿಲ್ಲ ಮಗಳೇ, ನಿನ್ನ ಕಡೆಗೆ ತಿರುಗಿಸುತ್ತಿದ್ದೆನಲ್ಲ, ಗುಳಿ ಕಾಣದಿದ್ದರೂ ತಡಕಿ ತಿರುಗಿಸುತ್ತಿದ್ದೆ, ತಟ್ಟೆ, ನೀಲಿ ಅಂಚು, ಅದರ ಮೇಲೆ ಹೆಬ್ಬೆರಳು, ತಿರುಗುತ್ತಿದೆ, ಒಲೆಯ ಪಕ್ಕದ ಕುರ್ಚಿಯನ್ನು ದಾಟುತ್ತಿದೆ, ನಿಲ್ಲುತ್ತಿಲ್ಲ, ಹೆಬ್ಬೆರಳು, ನೀಲಿ ಅಂಚು