ಎಡಕ್ಕೆ ಸುತ್ತಿದ ಚಿಪ್ಪು

ಎಡಕ್ಕೆ ಸುತ್ತಿತ್ತು. ಮುಖೇಶ ಕುಂಚದ ತುದಿಯಿಂದ ಇನ್ನೊಮ್ಮೆ ಮಗುಚಿ ನೋಡಿದ. ಈಗಲೂ ಎಡಕ್ಕೇ.

ಬಲಕ್ಕೆ ಸುತ್ತಬೇಕಾಗಿತ್ತು. ಇದರ ದಾಯಾದಿಗಳೆಲ್ಲ ಬಲಕ್ಕೇ ಸುತ್ತಿದವು. ಕೊನೆಯ ಸುತ್ತಿನಲ್ಲಿ ಅವಕ್ಕೆ ಐದು ಕೋಣೆ, ಇದಕ್ಕೆ ನಾಲ್ಕು. ಅವುಗಳ ಬಾಯಿ ಅಂಚಿನಲ್ಲಿ ಸೀಳಿದ ಗೆರೆಯ ಹಾಗೆ; ಇದರದ್ದು ನಟ್ಟನಡುವೆ ಕಮಾನಾಗಿ ತೆರೆದುಕೊಂಡಿತ್ತು, ಏನೋ ಹೇಳಲು ಹೊರಟು ಮರೆತು ನಿಂತ ಹಾಗೆ. ಮೂರು ತಿಂಗಳಿಂದ ಪುಸ್ತಕದ ಚಿತ್ರಗಳ ಪಕ್ಕದಲ್ಲಿಟ್ಟು ನೋಡಿಯಾಗಿತ್ತು. ಯಾವುದರ ಜೊತೆಗೂ ಕೂಡಿಬರಲಿಲ್ಲ. ಕೂಡಿಬರದೆ ಇದ್ದುದರಿಂದಲೇ ಅದಕ್ಕೆ ಈಗ ಬೆಲೆ.

ಸಾಸಿವೆಯ ಕಾಲು ಪಾಲೂ ಇಲ್ಲದ ಸುಣ್ಣದ ಚಿಪ್ಪು. ಫೊರಾಮಿನಿಫೆರಾ ಎಂದು ಆ ಜೀವಿಗಳ ಹೆಸರು. ಕೆಲಸದವರ ಬಾಯಲ್ಲಿ ಫೊರಾಮ್. ಒಂದೇ ಕೋಶದ ಜೀವ. ಈ ಬಗೆಯದು ಸಮುದ್ರದಲ್ಲಿ ತೇಲುತ್ತಲೇ ಹುಟ್ಟುತ್ತದೆ, ನೀರು ಒಯ್ದಲ್ಲಿಗೆ ಹೋಗುತ್ತದೆ, ಬೆಳೆದ ಹಾಗೆ ಹಳೆಯ ಕೋಣೆಗೆ ತಾಗಿಸಿ ಇನ್ನೊಂದು ದೊಡ್ಡ ಕೋಣೆ ಕಟ್ಟಿಕೊಳ್ಳುತ್ತದೆ. ಸತ್ತ ಮೇಲೆ ತಳಕ್ಕೆ ಇಳಿಯುತ್ತದೆ. ಇದು ಇಳಿದು ಮೂರು ಕೋಟಿ ವರ್ಷವಾಗಿತ್ತು. ಇದರ ಜಾತಿ ಈಗ ಯಾವ ಸಮುದ್ರದಲ್ಲೂ ಇಲ್ಲ.

ಕುಂಚ ಒಣಗಿತ್ತು. ಮುಖೇಶ ಅದರ ತುದಿಯನ್ನು ನಾಲಿಗೆಗೆ ತಾಗಿಸಿ ಚೂಪು ಮಾಡಿಕೊಂಡ.

"ಮತ್ತೆ ಬಾಯಿಗೆ ಹಾಕಿದ್ರಾ? ನೀರಿನ ಬಟ್ಟಲು ಎಂತಕ್ಕೆ ಇಟ್ಟದ್ದು ಅಲ್ಲಿ?"

ರೇಚಲ್ ಮೇಡಂ. ವಿಭಾಗದ ಮುಖ್ಯಸ್ಥೆ. ಹದಿನಾಲ್ಕು ವರ್ಷಗಳಿಂದ ಇದೊಂದು ಮಾತನ್ನು ಹೇಳುತ್ತಲೇ ಇದ್ದರು. ಹದಿನಾಲ್ಕು ವರ್ಷಗಳಿಂದ ಅವನು ಬಟ್ಟಲನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಳ್ಳುತ್ತಲೇ ಇದ್ದ. ಈಗಲೂ ಎಳೆದುಕೊಂಡ.

"ಎಂತ ತೀರ್ಮಾನ ಮಾಡಿದ್ರಿ?"

"ಎಡಕ್ಕೇ ಉಂಟು ಮೇಡಂ."

"ಅದು ಗೊತ್ತುಂಟು. ನಿಮ್ಮ ವಿಷಯ ಕೇಳಿದ್ದು."

ಅವನು ಮತ್ತೆ ಸೂಕ್ಷ್ಮದರ್ಶಕದ ಮಸೂರಕ್ಕೆ ಕಣ್ಣಿಟ್ಟ. ಅಲ್ಲಿ ಕಣ್ಣಿಟ್ಟವನನ್ನು ಯಾರೂ ಮುಖ ನೋಡಿ ಮಾತಾಡಿಸಲಾರರು. ಈ ಕೆಲಸದಲ್ಲಿ ಅವನಿಗೆ ಸಿಕ್ಕಿದ ದೊಡ್ಡ ಅನುಕೂಲವೇ ಅದು.

ವಿಷಯ ಇಷ್ಟೇ. ಹೊಸ ಜಾತಿಯೆಂದು ಲೋಕಕ್ಕೆ ತಿಳಿಸುವ ಲೇಖನ ಸಿದ್ಧವಾಗಿತ್ತು. ಚಿಪ್ಪನ್ನು ಹೆಕ್ಕಿದವನು ಮುಖೇಶ. ಅದಕ್ಕೆ ಅವನ ಹೆಸರನ್ನೇ ಇಡುವ ಎಂದು ಮೇಡಂ ಹೇಳಿದ್ದರು. ಹಾಗೆ ಇಟ್ಟರೆ ಲೇಖಕರ ಪಟ್ಟಿಯಲ್ಲಿ ಅವನು ಇರುವ ಹಾಗಿಲ್ಲ. ತಾನು ಕಂಡ ಜೀವಿಗೆ ತನ್ನದೇ ಹೆಸರು ಇಟ್ಟುಕೊಳ್ಳುವುದು ಈ ಶಾಸ್ತ್ರದಲ್ಲಿ ಮರ್ಯಾದೆಯಲ್ಲ. ಲೇಖಕನಾದರೆ ಚಿಪ್ಪಿಗೆ ಬೇರೆ ಹೆಸರು. ಎರಡರಲ್ಲಿ ಒಂದು.

ಜೂನ್ ತಿಂಗಳಲ್ಲಿ ಖಾಯಂ ಹುದ್ದೆಯ ಸಂದರ್ಶನವಿತ್ತು. ಎಷ್ಟು ಲೇಖನದಲ್ಲಿ ಹೆಸರುಂಟು ಎಂದು ಅಲ್ಲಿ ಕೇಳುತ್ತಾರೆ. ನಿಮ್ಮ ಹೆಸರಿನ ಚಿಪ್ಪು ಉಂಟಾ ಎಂದು ಯಾರೂ ಕೇಳುವುದಿಲ್ಲ.

"ಲೇಖನ ಹತ್ತು ವರ್ಷದಲ್ಲಿ ಹಳತಾಗ್ತದೆ ಮುಖೇಶ್. ಜಾತಿಯ ಹೆಸರು ಹಾಗಲ್ಲ, ಶಾಶ್ವತ," ಎಂದರು ಮೇಡಂ. ಲೇಖಕರು ಆಗಲೇ ನಾಲ್ಕು ಜನ ಇದ್ದಾರೆ ಎನ್ನುವುದನ್ನು ಅವರು ಹೇಳಲಿಲ್ಲ. "ಸಂಜೆ ಐದರ ಒಳಗೆ ಹೇಳಿ. ಇವತ್ತು ಕಳಿಸ್ತೇನೆ. ಮತ್ತೆ, ಚಿಪ್ಪನ್ನು ಲೋಹದ ಗುಂಡಿಗೆ ಅಂಟಿಸಿಡಿ. ನಾಳೆ ಸುರತ್ಕಲ್‌ಗೆ ಹೋಗ್ಬೇಕು, ದೊಡ್ಡ ಯಂತ್ರದಲ್ಲಿ ಫೋಟೋ ತೆಗೆಸ್ಲಿಕ್ಕೆ. ಪೂರ್ತಿ ಇರುವುದು ಅದೊಂದೇ, ನೆನಪುಂಟಲ್ಲ?"

ನೆನಪಿತ್ತು. ಉಳಿದವೆಲ್ಲ ತುಂಡುಗಳು. ಹೆಸರು ಯಾವುದಾದರೂ ಆಗಲಿ, ನೇತುಹಾಕಲು ಇದ್ದ ಮೊಳೆ ಇದೊಂದೇ.

ಚಹಾದ ಹೊತ್ತಿಗೆ ನಿಝಾರ್ ಬಂದ. ಕಡಲತಳದ ಮಣ್ಣನ್ನು ಜರಡಿಯಲ್ಲಿ ತೊಳೆದು ಕೊಡುವವನು ಅವನು. ಕೈ ಯಾವಾಗಲೂ ತೋಯ್ದಿರುತ್ತಿತ್ತು.

"ಎಂತ ಮುಖೇಶಣ್ಣ, ನಾಮಕರಣಕ್ಕೆ ಊಟ ಇಲ್ವಾ?"

"ಇನ್ನೂ ಆಗ್ಲಿಲ್ಲ."

"ಆಗ್ಲಿ ಮಾರಾಯ್ರೆ. ಈ ಊರಲ್ಲಿ ಒಂದು ರಸ್ತೆಗೆ ಹೆಸರು ಬರ್ಬೇಕಾದ್ರೆ ಮೊದಲು ಸಾಯ್ಬೇಕು. ನಿಮ್ಗೆ ಕೂತಲ್ಲಿಗೇ ಬಂದಿದೆ."

"ಇಲ್ಲಿ ಸತ್ತದ್ದು ಅದು."

"ಯಾರಾದ್ರೂ ಒಬ್ರು ಸತ್ರೆ ಸಾಕಲ್ಲ." ನಿಝಾರ್ ನಗುತ್ತಾ ಕುಂಚದ ಕಡೆ ಗದ್ದದಿಂದ ತೋರಿಸಿದ. "ಅದನ್ನು ನೆಕ್ಕಿ ನೆಕ್ಕಿ ನಿಮ್ಮ ಹೊಟ್ಟೆಯಲ್ಲಿ ಅರ್ಧ ಅರಬ್ಬಿ ಸಮುದ್ರ ಉಂಟು. ಅದಕ್ಕೂ ಒಂದು ಹೆಸರಿಡಿ."

ಮುಖೇಶನೂ ನಕ್ಕ. ಒಂದೆರಡು ಚಿಪ್ಪು ಹೊಟ್ಟೆಗೆ ಹೋದದ್ದು ಹೌದು. ಸಾವಿರ ಸಾವಿರ ಸಿಗುವ ಜಾತಿಯವು. ಯಾರಿಗೂ ಗೊತ್ತಾಗಿರಲಿಲ್ಲ.

ಮಧ್ಯಾಹ್ನ ಚಂಪಾಳ ಫೋನು. ಅತ್ತಾವರದ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಕಡತ ನೋಡಿಕೊಳ್ಳುವ ಕೆಲಸ ಅವಳದ್ದು. ಗಂಡನೊಡನೆ ಮಾತಾಡುವಾಗಲೂ ಕಾಗದ ಮಗುಚುವ ಸದ್ದು ಕೇಳುತ್ತಿತ್ತು.

"ಊಟ ಆಯ್ತಾ?"

"ಆಗ್ಬೇಕಷ್ಟೆ."

"ಮೇಡಂಗೆ ಹೇಳಿದ್ರಾ, ಪಟ್ಟಿಯಲ್ಲಿ ಹಾಕಿ ಅಂತ?"

"ಅವ್ರು ಬಿಝಿ ಇದ್ರು."

"ನೀವು ಹೇಳ್ಲಿಕ್ಕಿಲ್ಲ. ನನ್ಗೆ ಗೊತ್ತುಂಟು." ಕಾಗದ ಮಗುಚಿತು. "ಒಂದು ಕೆಲಸ ಮಾಡಿ. ಅದಕ್ಕೆ ನನ್ನ ಹೆಸರಿಡಿ, ಚಂಪಾ ಅಂತ. ನಾನು ಲೇಖಕಿ ಅಲ್ಲ, ಎಂತದೂ ಅಲ್ಲ. ನಿಮ್ಮ ಹೆಸರೂ ಪಟ್ಟಿಯಲ್ಲಿ ಬರ್ತದೆ." ಮತ್ತೆ ಅವಳೇ ನಕ್ಕಳು. "ಅಲ್ಲ, ಬೇಡ. ಪೂರ್ತಿ ಅಳಿದು ಹೋದ ಜಾತಿ ಅಲ್ವಾ? ನನ್ನ ಹೆಸರು ಬೇಡಪ್ಪ."

ಫೋನಿಟ್ಟ ಮೇಲೆ ಅವನಿಗೆ ಕಸಿವಿಸಿಯಾಯಿತು. ತಮಾಷೆಗೆ ಹೇಳಿದರೂ ಅವಳು ಹೇಳಿದ್ದು ಸರಿಯಾದ ದಾರಿ. ಗಂಟು ಇಷ್ಟು ಸುಲಭವಾಗಿ ಬಿಚ್ಚಿಕೊಳ್ಳುವುದು ಅವನಿಗೆ ಬೇಕಾಗಿರಲಿಲ್ಲ. ಚಿಪ್ಪಿಗೆ ಇನ್ನೊಬ್ಬರ ಹೆಸರು ಎಂದರೆ ಮನಸ್ಸು ಒಪ್ಪಲಿಲ್ಲ. ಅದು ಹೆಂಡತಿಯ ಹೆಸರಾದರೂ ಒಪ್ಪಲಿಲ್ಲ. ನಾಚಿಕೆಯಾಯಿತು. ಹುದ್ದೆಯೂ ಬೇಕು, ಹೆಸರೂ ಬೇಕು. ಎರಡೂ ಸಿಕ್ಕಿದರೆ ಅವನ್ನು ಹಿಡಿದುಕೊಳ್ಳುವವನು ಯಾರು ಎಂಬುದು ಮಾತ್ರ ಅವನಿಗೆ ಸ್ಪಷ್ಟವಿರಲಿಲ್ಲ.

ಕಳೆದ ವಾರ ಮಗಳು ಅನುಷ್ಕಾ ಶಾಲೆಯ ಅರ್ಜಿ ತುಂಬಿಸುತ್ತಿದ್ದಳು. ತಂದೆಯ ಉದ್ಯೋಗ ಎಂಬಲ್ಲಿ ಅವನು ತಕ್ಕ ಪದ ಹುಡುಕತೊಡಗಿದ. ಅಷ್ಟರಲ್ಲಿ ಅವಳು ಬರೆದೇಬಿಟ್ಟಿದ್ದಳು: ಮರಳು ಹೆಕ್ಕುವುದು. ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಸಹಿ ಹಾಕಿದ್ದ.

ಊಟವಾದ ಮೇಲೆ ಸೆಕೆ ಏರಿತು. ಫ್ಯಾನು ಹಾಕುವ ಹಾಗಿಲ್ಲ. ಗಾಳಿಗೆ ಚಿಪ್ಪುಗಳು ಹಾರಿಹೋಗುತ್ತವೆ. ಕಿಟಕಿಯೂ ಮುಚ್ಚಿತ್ತು. ಮಣ್ಣಗುಡ್ಡದ ಕಡೆಯಿಂದ ಬರುವ ಬಸ್ಸೊಂದರ ಕಂಡಕ್ಟರನ ಸೀಟಿ ಗಾಜಿನಾಚೆ ಎಲ್ಲೋ ನೀರಿನಡಿಯಿಂದ ಬಂದ ಹಾಗೆ ಕೇಳಿಸಿತು. ಅದೇ ಬಸ್ಸಿನಲ್ಲಿ ಅವನು ಬೆಳಗ್ಗೆ ಬಂದದ್ದು. ಹೋಗುವುದೂ ಅದರಲ್ಲೇ.

ಮಸೂರದ ಕೆಳಗೆ ಕಪ್ಪು ತಟ್ಟೆ. ಅದರ ಮೇಲೆ ಬಿಳಿ ಚಿಪ್ಪುಗಳು. ನೋಡುತ್ತ ನೋಡುತ್ತ ತಟ್ಟೆಯ ಅಂಚು ಕಾಣದಾಯಿತು. ಬಿಳಿಯವೆಲ್ಲ ಮೆಲ್ಲನೆ ಮೇಲೇಳತೊಡಗಿದವು. ಅವನ ಕೈ, ಮೇಜು, ಗೋಡೆಯ ಕ್ಯಾಲೆಂಡರು, ಎಲ್ಲವೂ ಒಂದೇ ನೀರಿನಲ್ಲಿದ್ದವು. ಎಡಕ್ಕೆ ಸುತ್ತಿದ ಚಿಪ್ಪಿನೊಳಗೆ ಅವನು ನಡೆದ. ದೊಡ್ಡ ಕೋಣೆ. ಅದರ ಹಿಂದೆ ಚಿಕ್ಕದು. ಅದರ ಹಿಂದೆ ಇನ್ನೂ ಚಿಕ್ಕದು, ಬಗ್ಗಿ ಹೋಗಬೇಕು. ಎಲ್ಲಕ್ಕಿಂತ ಒಳಗೆ, ಮೊತ್ತಮೊದಲು ಕಟ್ಟಿದ ಕೋಣೆಯಲ್ಲಿ, ಯಾರಾದರೂ ಇದ್ದಾರು ಎಂದುಕೊಂಡು ಇಣುಕಿದ. ಸುಣ್ಣ ಬಳಿದ ಗೋಡೆ. ಬೇರೇನೂ ಇರಲಿಲ್ಲ. ಹೆದರಿಕೆಯೂ ಆಗಲಿಲ್ಲ.

ಎಚ್ಚರವಾದಾಗ ಗಡಿಯಾರ ಐದಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು.

ಲೋಹದ ಗುಂಡಿಯನ್ನು ತೆಗೆದಿಟ್ಟ. ಅದರ ತಲೆಯ ಮೇಲೆ ಕಪ್ಪು ಅಂಟುಪಟ್ಟಿ. ಚಿಪ್ಪನ್ನು ತಟ್ಟೆಯಲ್ಲಿದ್ದ ಅದರ ಚೌಕದಿಂದ ಎತ್ತಿ ಇಲ್ಲಿ ಕೂರಿಸಬೇಕು, ಬಾಯಿ ಮೇಲಾಗಿ. ಸಾವಿರ ಸಲ ಮಾಡಿದ ಕೆಲಸ. ಬಟ್ಟಲಿನ ನೀರಿಗೆ ಕುಂಚ ಅದ್ದಿದ. ತುದಿ ತಾಗಿಸಿದ. ಚಿಪ್ಪು ಒದ್ದೆಗೆ ಅಂಟಿಕೊಂಡು ಸುಮ್ಮನೆ ಮೇಲೆ ಬಂತು.

ಲೇಖಕ ಎಂದು ಹೇಳಬೇಕು. ಈಗಲೇ ಹೇಳಬೇಕು. ಇಲ್ಲ, ಹೆಸರು ಎಂದು.

"ಮುಖೇಶ್!"

ಮೇಡಂ ಬಾಗಿಲಲ್ಲಿ ನಿಂತಿದ್ದರು. ಅವನು ತಲೆಯೆತ್ತಿದ. ಏನು ಹೇಳಲಿ ಎಂದು ಹುಡುಕುವಾಗ ಕೈ ತನ್ನಷ್ಟಕ್ಕೆ ತಾನು ಮೇಲೆ ಬಂತು, ಹದಿನಾಲ್ಕು ವರ್ಷ ಬಂದ ಹಾಗೆ, ಕುಂಚದ ತುದಿಯನ್ನು ತುಟಿಯ ನಡುವೆ ಇಟ್ಟು, ತಿರುಗಿಸಿ, ಚೂಪು ಮಾಡಿ, ಇಳಿಯಿತು.

ಕುಂಚದ ತುದಿ ಚೂಪಾಗಿತ್ತು. ಖಾಲಿಯಾಗಿತ್ತು. ಗುಂಡಿಯ ಮೇಲೆ ಏನೂ ಇರಲಿಲ್ಲ. ಚಿಪ್ಪಿದ್ದ ಚೌಕದ ಕೆಳಗೆ ಅವನದೇ ಅಕ್ಷರದಲ್ಲಿ ಬರೆದ ಸಂಖ್ಯೆ ಮಾತ್ರ ಇತ್ತು.

"ಐದಾಯ್ತು. ಎಂತ ಹಾಕ್ಲಿ? ಹೆಸರಾ, ಪಟ್ಟಿಯಾ?"

ಅವನು ಬಾಯಿ ಮುಚ್ಚಿಕೊಂಡ. ನಾಲಿಗೆಯ ಎಡಬದಿಯಲ್ಲಿ ಒಂದು ಕಣ ಇದ್ದ ಹಾಗಿತ್ತು. ಅದು ಮಧ್ಯಾಹ್ನದ ಅನ್ನದ ಕಲ್ಲೂ ಇರಬಹುದು. ಹಲ್ಲು ತಾಗಿದರೆ ಹುಡಿ. ನುಂಗಿದರೆ ಮುಗಿಯಿತು. ತೆರೆದರೆ ಎಲ್ಲಿ ಬೀಳುವುದೋ.

"ಏನಾದ್ರೂ ಹೇಳಿ ಮಾರಾಯ್ರೆ. ಕಂಪ್ಯೂಟರ್ ತೆರೆದಿಟ್ಟು ಬಂದಿದ್ದೇನೆ."

ಅವನು ತಲೆಯಾಡಿಸಿದ. ಹೌದೆಂದೋ ಅಲ್ಲವೆಂದೋ ಅವನಿಗೇ ತಿಳಿಯಲಿಲ್ಲ. ಮೇಡಂ ತಮಗೆ ತೋಚಿದಂತೆ ಅರ್ಥ ಮಾಡಿಕೊಂಡರು. "ಸರಿ ಹಾಗಾದ್ರೆ," ಎಂದು ನಕ್ಕು ಹೋದರು. ಚಪ್ಪಲಿಯ ಸದ್ದು ಕಾರಿಡಾರಿನಲ್ಲಿ ದೂರವಾಯಿತು. ಆಚೆ ಕೋಣೆಯಲ್ಲಿ ಕಂಪ್ಯೂಟರಿನ ಯಾವುದೋ ಕೀಲಿ ಒತ್ತಿದ ಸಣ್ಣ ಸದ್ದು.

ಮುಖೇಶ ಅಲುಗದೆ ಕುಳಿತ. ಬಾಯಲ್ಲಿ ನೀರು ತುಂಬುತ್ತ ಬಂತು, ಬೆಚ್ಚಗೆ, ಸ್ವಲ್ಪ ಉಪ್ಪಾಗಿ. ಅದರಲ್ಲಿ ಏನೋ ಒಂದು ನಾಲಿಗೆಯಿಂದ ಬಿಟ್ಟುಕೊಂಡು, ಮೂರು ಕೋಟಿ ವರ್ಷಗಳ ಮೇಲೆ, ಮೆಲ್ಲನೆ ತೇಲತೊಡಗಿತು.