ಎಲ್ವಿಟಾ ಮಾವ್ಶಿಯ ಕಷಾಯ ಗಡಿ ದಾಟಿದ್ದು

ಕುಂಜತ್ತೂರಿನ ಇಗರ್ಜಿಯಲ್ಲಿ ಕ್ರಿಸ್ಟಿನ್ ಆರು ವರ್ಷದಿಂದ ಹಾಡುತ್ತಿದ್ದಾಳೆಂಬುದು ಅವಳ ಅಮ್ಮನನ್ನು ಬಿಟ್ಟರೆ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಅವಳು ನಿಲ್ಲುವುದೇ ನೆಲ್ಸನ್ ಸರ್ ಬಾರಿಸುವ ಕೀಬೋರ್ಡಿನ ಹಿಂದೆ, ಕಂಬದ ಪಕ್ಕ ಇನ್ನೊಂದು ಕಂಬದ ಹಾಗೆ. ಈ ವರ್ಷ ಜೂಲಿಯೆಟ್ ಮದುವೆಯಾಗಿ ಮಸ್ಕತ್ತಿಗೆ ಹೋದದ್ದರಿಂದ ಕ್ರಿಸ್‌ಮಸ್ಸಿನ ಸೋಲೋ ಹಾಡು ಹೇಗೋ ಸರದಿಯಲ್ಲಿ ಕ್ರಿಸ್ಟಿನ್‌ಳ ತನಕ ಬಂತು. ಹಾಡು ಬಂದ ಮೂರನೆಯ ದಿನಕ್ಕೆ ಡಿಸೆಂಬರಿನ ಶೀತವೂ ಬಂತು. ಬೆಳಗ್ಗೆ ಎದ್ದು ‘ಅಮ್ಮಾ’ ಎಂದರೆ, ಎಣ್ಣೆ ಕಾಣದ ಬಾಗಿಲು ತೆರೆದಂತೆ ಕೇಳಿಸಿತು.

“ಇಪ್ಪತ್ತಮೂರಕ್ಕೆ ಸಂಜೆ ಐದು ಗಂಟೆಗೆ ಕಡೆಯ ಪ್ರಾಕ್ಟೀಸ್. ಅಷ್ಟರಲ್ಲಿ ಸ್ವರ ಬಂದರೆ ನೀನು. ಬಾರದಿದ್ದರೆ ಡಿಯೋನ್,” ಎಂದುಬಿಟ್ಟರು ನೆಲ್ಸನ್ ಸರ್.

ಡಿಯೋನ್ ಮೂಗಿನಲ್ಲಿ ಹಾಡುವವನು. ಶೀತ ಇದ್ದರೂ ಇಲ್ಲದಿದ್ದರೂ ಅವನ ಹಾಡಿನಲ್ಲಿ ವ್ಯತ್ಯಾಸವಿಲ್ಲ. ಹಾಗಾಗಿ ಅವನನ್ನು ನಂಬಬಹುದಿತ್ತು.

ಮಾತ್ರೆ ಆಯಿತು, ಉಪ್ಪುನೀರು ಆಯಿತು. ಇಪ್ಪತ್ತಮೂರರ ಬೆಳಗ್ಗೆ ಅಮ್ಮ ಅವಳನ್ನು ರಾಜ್ಯದ ಗಡಿಯಾಚೆ ತೊಕ್ಕೊಟ್ಟಿಗೆ, ತನ್ನ ಅಕ್ಕ ಎಲ್ವಿಟಾಳ ಮನೆಗೆ ಅಟ್ಟಿದಳು. ಎಲ್ವಿಟಾ ಮಾವ್ಶಿಯ ಕಷಾಯ ಕುಡಿದು ಸ್ವರ ಬಾರದವರು ಕುಟುಂಬದಲ್ಲಿ ಯಾರೂ ಇಲ್ಲ. ಆದರೆ ಅದನ್ನು ಮಾಡುವ ಕ್ರಮವನ್ನು ಮಾವ್ಶಿ ಯಾರಿಗೂ ಬಿಟ್ಟುಕೊಟ್ಟವಳಲ್ಲ.

ಕ್ರಿಸ್ಟಿನ್ ತಲುಪಿದ ಕೂಡಲೇ ಮಾವ್ಶಿ ಒಣಶುಂಠಿ ಜಜ್ಜಿದಳು. ಕೊತ್ತಂಬರಿ, ಜೀರಿಗೆಯನ್ನು ಪರಿಮಳ ಬರುವಷ್ಟೇ ಹುರಿದಳು. ಕಾಳುಮೆಣಸು, ಹಿಪ್ಪಲಿ ಕೈಯಳತೆಯಲ್ಲಿ ಬಿದ್ದವು. ಹಿತ್ತಿಲಿನ ತುಳಸಿ, ದೊಡ್ಡಪತ್ರೆ ಸೊಪ್ಪುಗಳನ್ನು ಕೈಯಲ್ಲೇ ಕಿವುಚಿ ಹಾಕಿದಳು. ಎಂಟು ಲೋಟ ನೀರು ಎರಡು ಲೋಟಕ್ಕೆ ಇಳಿಯುವ ತನಕ ಒಲೆಯ ಮುಂದಿನಿಂದ ಏಳಲಿಲ್ಲ.

“ಕಷಾಯಕ್ಕೆ ಅವಸರದ ಬೆಂಕಿ ಆಗದು,” ಎಂದಳು. ತಾಳೆಯ ಓಲೆಬೆಲ್ಲ ಕರಗಿದ ಮೇಲೆ, “ಇನ್ನು ನೀನು ಹೊರಗೆ ಕೂತುಕೋ. ಕಡೆಗೆ ಹಾಕುವುದನ್ನು ಯಾರೂ ನೋಡಲಿಕ್ಕಿಲ್ಲ,” ಎಂದು ಅಡುಗೆಮನೆಯ ಬಾಗಿಲು ಹಾಕಿಕೊಂಡಳು.

ಬಾಗಿಲು ತೆರೆದಾಗ ಮಾವ್ಶಿಯ ಕೈಯಲ್ಲಿ ಅವಳ ಗಂಡ ಲಿಯೋ ಅಂಕಲ್‌ನ ಬ್ರಾಂಡಿ ಬಾಟ್ಲಿ ಇತ್ತು. ಲೇಬಲ್ಲು ಅರ್ಧ ಕಿತ್ತುಹೋಗಿತ್ತು, ಒಳಗೆ ಕಷಾಯ ಬ್ರಾಂಡಿಯದೇ ಬಣ್ಣದಲ್ಲಿ ಹೊಳೆಯುತ್ತಿತ್ತು.

“ಮಾವ್ಶಿ, ಇದು...” ಕ್ರಿಸ್ಟಿನ್ ಪಿಸುಗುಟ್ಟಿದಳು.

“ಬಿಸಿ ಕಷಾಯ ಪ್ಲಾಸ್ಟಿಕ್ಕಿಗೆ ಹಾಕಿದರೆ ಮದ್ದು ವಿಷ ಆಗ್ತದೆ. ಸ್ಟೀಲಿನದ್ದು ಸೋರ್ತದೆ. ಇದನ್ನು ಬೂದಿ ಹಾಕಿ ಮೂರು ಸಲ ತೊಳೆದಿದ್ದೇನೆ. ಲಿಯೋನ ಬಾಟ್ಲಿ ಎಂದ ಮಾತ್ರಕ್ಕೆ ಲಿಯೋನ ಬುದ್ಧಿ ಕಷಾಯಕ್ಕೆ ಬರ್ತದಾ? ಈಗ ಕುಡಿಯಬೇಡ. ನಾಲ್ಕು ಗಂಟೆಗೆ ಅರ್ಧ, ನಾಳೆ ಹಾಡುವ ಮುಂಚೆ ಅರ್ಧ.”

ಬೇಡ ಎನ್ನುವುದು ಕ್ರಿಸ್ಟಿನ್‌ಗೆ ಬಾರದ ವಿದ್ಯೆ. ಕಾಲೇಜಿನಲ್ಲಿ ಅವಳು ಕೊಟ್ಟ ಪೆನ್ನುಗಳೂ ಒಂದು ಕೊಡೆಯೂ ಇವತ್ತಿಗೂ ವಾಪಸು ಬಂದಿಲ್ಲ. ಬಾಟ್ಲಿಯನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕಿಳಿಸಿ ಬಸ್ಸು ಹತ್ತಿದಳು.

ಕ್ರಿಸ್‌ಮಸ್ ವಾರದಲ್ಲಿ ಆ ಕಡೆಯಿಂದ ಈ ಕಡೆಗೆ ಬ್ರಾಂಡಿ ಬಾಟ್ಲಿ ಬರುವುದನ್ನು ಹಿಡಿಯಲು ಎಕ್ಸೈಸಿನವರು ಗಡಿಯಲ್ಲಿ ಕಾದಿರುತ್ತಾರೆ ಎಂಬುದು ಸಣ್ಣ ಮಕ್ಕಳಿಗೂ ಗೊತ್ತು. ಅದು ಕ್ರಿಸ್ಟಿನ್‌ಗೆ ನೆನಪಾದದ್ದು ಬಸ್ಸು ಗಡಿಯ ತಲಪಾಡಿ ದಾಟಿ ನಿಂತು, ಖಾಕಿ ತೊಟ್ಟವರೊಬ್ಬರು ಹತ್ತಿದ ಮೇಲೆ. ಅವರ ಮೂಗು ಕೆಂಪಾಗಿತ್ತು, ಕೈಯಲ್ಲಿ ಒದ್ದೆ ಕರವಸ್ತ್ರ. ಎದೆಯ ಮೇಲಿನ ಹೆಸರು ಕೃಷ್ಣಕುಮಾರ. ಎಲ್ಲರ ಚೀಲ ತಟ್ಟುತ್ತಾ ಬಂದು ಅವಳ ಚೀಲದ ಮೇಲೆ ಕೈ ನಿಲ್ಲಿಸಿದರು. ಟವೆಲು ಬಿಚ್ಚಿದರು.

“ಇದೆಂತ?”

ಕ್ರಿಸ್ಟಿನ್ ಬಾಯಿ ತೆರೆದಳು. ಗಾಳಿ ಮಾತ್ರ ಬಂತು.

“ತರುವುದಕ್ಕೆ ಧೈರ್ಯ ಉಂಟು, ಹೇಳುವುದಕ್ಕೆ ಇಲ್ಲವಾ?”

ಅವಳು ಗಂಟಲನ್ನು ಮುಟ್ಟಿ ತೋರಿಸಿದಳು.

“ಗಂಟಲಿಗೇ ಹೋಗುವುದು ಎಂದು ನಮಗೂ ಗೊತ್ತುಂಟು. ಹೆಸರೆಂತ?”

“ಕ್ರಿಸ್ಟಿನ್ ಡಿಸೋಜ,” ಎಂದು ಪಿಸುಗುಟ್ಟಿದಳು.

“ನಾಡಿದ್ದು ಹಬ್ಬ ಅಲ್ಲವಾ,” ಎಂದರು ಕೃಷ್ಣಕುಮಾರ, ಇನ್ನು ವಿಚಾರಿಸಲು ಏನೂ ಉಳಿದಿಲ್ಲ ಎಂಬಂತೆ.

“ಕಷಾಯ,” ಎಂದಳು ಕ್ರಿಸ್ಟಿನ್ ಮತ್ತೊಮ್ಮೆ ಪಿಸುಮಾತಿನಲ್ಲಿ. ಪಕ್ಕದಲ್ಲಿ ಕುಳಿತಿದ್ದ ನಿವೃತ್ತ ಶಿಕ್ಷಕಿ ತುಂಗಾ ಟೀಚರ್ ಅದನ್ನು ಇಡೀ ಬಸ್ಸಿಗೆ ಕೇಳುವಂತೆ ಹೇಳಿದರು. ಬಸ್ಸು ನಕ್ಕಿತು.

ಕೃಷ್ಣಕುಮಾರ ಬಿರಡೆ ತಿರುಗಿಸಿ ಮೂಸಿದರು. ನಾಲ್ಕು ದಿನದಿಂದ ಕಟ್ಟಿದ ಮೂಗು ಅದು, ಅದಕ್ಕೆ ಮಲ್ಲಿಗೆಯೂ ಒಂದೇ, ಒಣಮೀನೂ ಒಂದೇ.

“ಸರ್, ಒಂದು ಗುಟುಕು ಕುಡಿದು ನೋಡಿ. ನಮಗೆ ಟೈಮ್ ಆಯ್ತು,” ಎಂದ ಕಂಡಕ್ಟರ್ ಹೊನ್ನಯ್ಯ.

“ಡ್ಯೂಟಿಯಲ್ಲಿ ಇದ್ದೇನೆ ಮಾರಾಯ. ಕುಡಿದದ್ದು ಬ್ರಾಂಡಿ ಆದರೆ ಕೆಲಸ ಯಾರದ್ದು ಹೋಗುವುದು, ನಿನ್ನದಾ?”

ಆಗ ಹಿಂದಿನ ಸೀಟಿನಿಂದ ಒಬ್ಬರು ಎದ್ದರು. ವಾಸಪ್ಪಣ್ಣ. ಕುಂಜತ್ತೂರಿನಿಂದ ಮಂಜೇಶ್ವರದ ತನಕ ಈ ವಿಷಯದಲ್ಲಿ ಅವರಿಗಿಂತ ದೊಡ್ಡ ಪಂಡಿತರಿಲ್ಲ. “ನಾಲ್ಕು ಜನರಿಗೆ ಉಪಕಾರ ಆಗುವುದಾದರೆ ನಾನು ಕುಡಿದು ಹೇಳ್ತೇನೆ,” ಎಂದರು, ದೇವರ ಕೆಲಸಕ್ಕೆ ಹೊರಟವರ ಮುಖದಲ್ಲಿ.

“ತುಟಿ ತಾಗಿಸಬೇಡಿ, ಎತ್ತಿ ಹೊಯ್ದುಕೊಳ್ಳಿ,” ಎಂದರು ತುಂಗಾ ಟೀಚರ್.

ವಾಸಪ್ಪಣ್ಣ ಎತ್ತಿ ಹೊಯ್ದುಕೊಂಡರು. ಪರೀಕ್ಷೆಗೆ ಬೇಕಾದದ್ದಕ್ಕಿಂತ ಧಾರಾಳವಾಗಿಯೇ ಹೊಯ್ದುಕೊಂಡರು. ಕಾಳುಮೆಣಸು, ಹಿಪ್ಪಲಿ ಒಟ್ಟಿಗೆ ಹೋಗಿ ಗಂಟಲಿಗೆ ಬಡಿದಾಗ ಅವರ ಕಣ್ಣಲ್ಲಿ ನೀರು ತುಂಬಿತು. ಸೀಟಿನ ಕಂಬಿ ಹಿಡಿದುಕೊಂಡರು. ಸ್ವಲ್ಪ ಹೊತ್ತಿಗೆ ನಾಲಗೆಯನ್ನು ತುಟಿಯ ಮೇಲೆ ಒಮ್ಮೆ ಆಡಿಸಿ, ಕ್ರಿಸ್ಟಿನ್‌ಳನ್ನು ನೋಡಿ, ಮತ್ತೊಮ್ಮೆ ಆಡಿಸಿದರು.

“ಮದ್ದು ಸಾರ್,” ಎಂದರು, ಸಾವಿನ ಸುದ್ದಿ ತಿಳಿಸುವ ದನಿಯಲ್ಲಿ. “ಬರೀ ಮದ್ದು. ಬೇರೆ ಒಂದು ತೊಟ್ಟೂ ಇಲ್ಲ.” ಮತ್ತೆ ಮೂಗೆಳೆದು, “ಅಲ್ಲ, ನನ್ನ ಮೂಗು ಬಿಟ್ಟಿತಲ್ಲ ಮಾರಾಯ್ರೇ,” ಎಂದರು.

ಆ ಮಾತೇ ಕುತ್ತಾಯಿತು. ಕೃಷ್ಣಕುಮಾರ ಬಿರಡೆಯಲ್ಲಿ ಒಂದು ಪಾಲು ಕುಡಿದು, ಎರಡು ಸಲ ಸೀನಿ, ಇನ್ನೊಂದು ಪಾಲು ಕುಡಿದರು. ತುಂಗಾ ಟೀಚರ್‌ಗೆ ಕೆಮ್ಮು ಇದ್ದದ್ದು ನೆನಪಾಯಿತು. ಹೊನ್ನಯ್ಯನಿಗೆ ಟೈಮ್ ಆದದ್ದು ಮರೆತುಹೋಯಿತು. ಬಾಟ್ಲಿ ಸೀಟಿನಿಂದ ಸೀಟಿಗೆ ಹೋಯಿತು. ಕುತ್ತಿಗೆಯಲ್ಲಿದ್ದ ಕಷಾಯ ಲೇಬಲ್ಲಿಗೆ ಇಳಿಯಿತು, ಲೇಬಲ್ಲಿನ ಮೇಲಿನ ತುದಿಯಿಂದ ಕೆಳಗಿನ ತುದಿಗೆ ಇಳಿಯಿತು. ಕ್ರಿಸ್ಟಿನ್ ನೋಡುತ್ತಾ ಕೂತಳು. ಹೋಗುತ್ತಿದ್ದದ್ದು ಅವಳ ಹಾಡು, ಗುಟುಕು ಗುಟುಕಾಗಿ. ಡಿಯೋನ್‌ನ ಮೂಗು ಅವಳ ಕಿವಿಯಲ್ಲಿ ಆಗಲೇ ಹಾಡತೊಡಗಿತ್ತು.

“ಡ್ರೈವರಣ್ಣನಿಗೂ ಸ್ವಲ್ಪ ಇರಲಿ, ಪಾಪ,” ಎಂದರು ತುಂಗಾ ಟೀಚರ್.

“ಸಾಕು. ಕೊಡಿ ಇಲ್ಲಿ. ಅದು ನನ್ನದು. ನನಗೆ ಐದು ಗಂಟೆಗೆ ಹಾಡಲಿಕ್ಕೆ ಉಂಟು.”

ಎಲ್ಲರೂ ತಿರುಗಿದರು. ಹೇಳಿದ್ದು ಯಾರೆಂದು ಕ್ರಿಸ್ಟಿನ್‌ಳೂ ತಿರುಗಿ ನೋಡಿದಳು. ಒರಟಾಗಿತ್ತು, ನಡುವೆ ಒಂದು ಕಡೆ ಸೀಳಿತ್ತು, ಆದರೆ ಸ್ವರವೇ, ಅದೂ ಅವಳದೇ. ಬಾಟ್ಲಿ ಬಂದ ದಾರಿಯಲ್ಲೇ ಸರಸರನೆ ಹಿಂದಕ್ಕೆ ಬಂತು.

“ಇಷ್ಟು ಸ್ವರ ಇಟ್ಟುಕೊಂಡು ಮೊದಲೇ ಹೇಳಬಾರದಿತ್ತಾ ತಂಗಿ,” ಎನ್ನುತ್ತಾ ಕೃಷ್ಣಕುಮಾರ ಇಳಿದರು.

ಉಳಿದದ್ದು ನಾಲ್ಕು ಬೆರಳು. ಗಂಟೆ ನಾಲ್ಕಾಗುವುದನ್ನು ಕಾಯದೆ ಎರಡು ಬೆರಳು ಕುಡಿದಳು, ಎರಡು ಉಳಿಸಿದಳು.

ಕುಂಜತ್ತೂರಿನಲ್ಲಿ ಅವಳ ಹಿಂದೆಯೇ ವಾಸಪ್ಪಣ್ಣನೂ ಇಳಿದರು. ಬಸ್ಸು ಹೊರಟು ಹೋಗುವ ತನಕ ಕಾದು, ಹತ್ತಿರ ಬಂದು ದನಿ ತಗ್ಗಿಸಿದರು.

“ಮಗಳೇ, ಅದರಲ್ಲಿ ಎರಡು ಚಮಚ ಬ್ರಾಂಡಿ ಉಂಟು. ಕಡೆಗೆ ಹಾಕಿದ್ದು, ಒಲೆಯಿಂದ ಇಳಿಸಿದ ಮೇಲೆ. ಒಳ್ಳೆ ಮಾಲು.”

ಕ್ರಿಸ್ಟಿನ್‌ಗೆ ಮಾವ್ಶಿ ಹಾಕಿಕೊಂಡ ಬಾಗಿಲು ಕಣ್ಣ ಮುಂದೆ ಬಂತು.

“ಮತ್ತೆ ನೀವು ಇಲ್ಲ ಎಂದಿರಲ್ಲ?”

“ಎರಡು ಚಮಚಕ್ಕೆ ಎಂತ ಸಾಕ್ಷಿ ಹೇಳುವುದು,” ಎಂದರು ವಾಸಪ್ಪಣ್ಣ ಬೇಸರದಲ್ಲಿ. “ಮಾಡಿದವರಿಗೆ ಹೇಳು, ಕೈ ಸ್ವಲ್ಪ ದೊಡ್ಡದು ಮಾಡಲಿ.”

ಐದು ಗಂಟೆಗೆ ಕ್ರಿಸ್ಟಿನ್ ಕೀಬೋರ್ಡಿನ ಮುಂದೆ ನಿಂತಳು. ಮೊದಲ ಸಾಲು ಕರಕರ ಎಂದಿತು, ಎರಡನೆಯದು ಏರಿ ಇಗರ್ಜಿಯ ಮಾಡಿನ ಹಂಚಿನ ತನಕ ಹೋಯಿತು. ನೆಲ್ಸನ್ ಸರ್ ಕೀಬೋರ್ಡಿನಿಂದ ತಲೆ ಎತ್ತಿದರು. ಹಾಡು ಮುಗಿದ ಮೇಲೆ ಡಿಯೋನ್ ಮೂಗೊರೆಸಿಕೊಳ್ಳುತ್ತಾ ಬಂದ.

“ಎಂತ ಮದ್ದು ಮಾರಾಯ್ತಿ ಅದು? ಸ್ವಲ್ಪ ಉಳಿದಿದೆಯಾ?”

“ಉಂಟು,” ಎಂದಳು ಕ್ರಿಸ್ಟಿನ್, ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸುತ್ತಾ. “ಕೊಡುವುದಿಲ್ಲ. ನಾಳೆಗೆ ಬೇಕು.”