ಅಂದಿಜ್ ಬೇರಿನ ಚಹಾ

ಅನಾರ್ಕಾನ್ ಬರಿಗೈಯಲ್ಲಿ ಬರುವವಳಲ್ಲ. ಕೀಲುನೋವಿಗೆಂದು ತಾನು ಮಾಡಿ ಮಾರುವ, ಅಂದಿಜ್ ಎಂಬ ಗಿಡದ ಬೇರಿನ ಚಹಾದ ಹೊಸ ಸರಕನ್ನು ಪರೀಕ್ಷೆಗೆ ತಂದಾಗಲೆಲ್ಲ ಜೊತೆಗೊಂದು ಬಟ್ಟೆಗಂಟು ಇರುತ್ತಿತ್ತು. ಆವತ್ತು ಅದರಲ್ಲಿ ಹಿಟ್ಟನ್ನು ಕರಿದು ಮಾಡಿದ ಬೋರ್ಸೋಕ್ ಇತ್ತು, ಏಪ್ರಿಕಾಟ್ ಜಾಮ್ ಇತ್ತು. ಕರಾಕೋಲ್ ಪಟ್ಟಣದ ಹೊರವಲಯದಲ್ಲಿ, ಮುಚ್ಚಿಹೋದ ಹಣ್ಣಿನ ಕಾರ್ಖಾನೆಯ ಎರಡು ಕೋಣೆಗಳೇ ನಮ್ಮೂರಿನ ಪ್ರಯೋಗಾಲಯ. ಅಂಗಡಿಗೆ ಹೋಗುವ ಗಿಡಮೂಲಿಕೆಯ ಪುಡಿ, ಎಣ್ಣೆ, ಚಹಾ ಎಲ್ಲ ಅಲ್ಲಿ ಪಾಸಾಗಬೇಕು. ಕೆಲಸಕ್ಕಿದ್ದವರು ಇಬ್ಬರೇ: ಹಿರಿಯಳು ಬುರುಲ್, ಕಿರಿಯಳು ಜೂರಾ.

"ಪ್ರತಿ ಸಲ ನಿಮ್ಮ ಗಾಜಿನ ಕೊಳವೆಗೇ ಕುಡಿಸ್ತೀರಲ್ಲ, ಇವತ್ತು ನೀವೂ ಒಂದು ಬಟ್ಟಲು ಕುಡೀರಿ," ಎನ್ನುತ್ತಾ ಅನಾರ್ಕಾನ್ ತಾನೇ ಕೆಟಲ್ ಇಟ್ಟಳು. ಹೊಸ ಪೊಟ್ಟಣ ಹರಿದು ಪಾತ್ರೆಗೆ ಸುರಿದಳು.

"ಪರೀಕ್ಷೆ ಆಗೋ ತನಕ ಕುಡೀಬಾರದು, ಅನಾರ್ಕಾನ್ ಎಜೆ," ಎಂದಳು ಜೂರಾ. ಎಜೆ ಎಂದರೆ ಅಕ್ಕ. ವಯಸ್ಸಿನಲ್ಲಿ ದೊಡ್ಡವರನ್ನು ಹಾಗಲ್ಲದೆ ಬೇರೆ ರೀತಿ ಕರೆಯುವಂತಿಲ್ಲ.

"ಅಯ್ಯೋ, ಬಿಡೇ. ಇವಳ ಚಹಾ ನಮಗೆ ಹೊಸದಾ?" ಎಂದಳು ಬುರುಲ್. "ನನ್ನ ಮಂಡಿ ಬೇರೆ ಬೆಳಿಗ್ಗೆಯಿಂದ ಕಟಕಟ ಅಂತಿದೆ. ಹಾಕಮ್ಮ, ತುಂಬಾ ಹಾಕು."

ಬುರುಲ್ ಎರಡು ಬಟ್ಟಲು ಕುಡಿದಳು. ಅನಾರ್ಕಾನ್ ಒಂದು. ಕಹಿ ಸೇರದ ಜೂರಾ ಅರ್ಧ ಕುಡಿದು ಉಳಿದದ್ದನ್ನು ಪಕ್ಕಕ್ಕಿಟ್ಟಳು. ತನ್ನ ಹಳ್ಳಿಗೆ ಹೋಗುವ ವ್ಯಾನ್ ಹೊರಡುವ ಹೊತ್ತಾಯಿತೆಂದು ಅನಾರ್ಕಾನ್ ಶಾಲು ಬಿಗಿದುಕೊಂಡು ಕರಗುವ ಹಿಮದ ಕೆಸರಿನಲ್ಲಿ ಓಡುನಡಿಗೆಯಲ್ಲಿ ಹೋದಳು.

ಜೂರಾ ಕೆಲಸಕ್ಕೆ ಕೂತಳು. ಬೇರಿನ ಪುಡಿಯಿಂದ ಸತ್ತ್ವ ತೆಗೆದಳು, ಬಿಳಿ ಲೇಪದ ಗಾಜಿನ ಹಲಗೆಯ ಅಂಚಿಗೆ ಅದರ ಚುಕ್ಕೆ ಇಟ್ಟಳು, ದ್ರಾವಣ ಮೇಲೇರಲು ಬಿಟ್ಟಳು. ಒಣಗಿದ ಮೇಲೆ ಅದಕ್ಕೊಂದು ರಾಸಾಯನಿಕ ಸಿಂಪಡಿಸಬೇಕು. ಅಂದಿಜ್ ಬೇರಾದರೆ ಹಲಗೆ ಬಣ್ಣ ತಿರುಗದು. ಕೆಲವು ಜಾತಿಯ ವಿಷವಿದ್ದರೆ ಮಾತ್ರ ಕಿತ್ತಳೆ ಬಣ್ಣ ಏಳುತ್ತದೆ.

ಎದ್ದಿತು. ಒಂದಲ್ಲ, ಒಂದರ ಮೇಲೊಂದು ಕಿತ್ತಳೆ ಚುಕ್ಕೆಗಳು.

ಹಲಗೆ ಕೊಳೆಯಾಗಿರಬೇಕು ಎಂದುಕೊಂಡು ಜೂರಾ ಹೊಸದೊಂದನ್ನು ತೆಗೆದಳು. ಈ ಸಲ ಬೀಗ ಹಾಕಿದ ಕಪಾಟಿನಲ್ಲಿದ್ದ, ವತ್ಸನಾಭಿ ಎಂಬ ವಿಷಬೇರಿನ ಸತ್ತ್ವವನ್ನೂ ಪಕ್ಕದಲ್ಲೇ ಇಟ್ಟಳು. ಸುಮ್ಮನೆ, ಅದಲ್ಲ ಎಂದು ಖಾತ್ರಿ ಮಾಡಿಕೊಳ್ಳಲು. ಸಿಂಪಡಿಸಿದಾಗ ಎರಡರ ಚುಕ್ಕೆಗಳೂ ಒಂದೇ ಎತ್ತರದಲ್ಲಿ ಅವಳಿ ಮಕ್ಕಳಂತೆ ನಿಂತವು.

ಆಗಲೇ ಅವಳಿಗೆ ತನ್ನ ತುಟಿಯ ನೆನಪಾದದ್ದು. ಎಷ್ಟು ಹೊತ್ತಿನಿಂದ ಹೀಗೆ ಜುಮುಜುಮು ಎನ್ನುತ್ತಿದೆ? ನಿಜವಾಗಿಯೂ ಎನ್ನುತ್ತಿದೆಯೋ, ಹೆದರಿಕೆಗೆ ಹಾಗನ್ನಿಸುತ್ತಿದೆಯೋ? ತುಟಿಯನ್ನು ಹಲ್ಲಿನಿಂದ ಕಚ್ಚಿದಳು. ನೋವು ಎಲ್ಲೋ ದೂರದಲ್ಲಿ ಆದಂತಿತ್ತು.

"ಎಜೆ, ನಿಮ್ಮ ತುಟಿ ಹೇಗಿದೆ?"

"ತುಟಿಗೇನಾಯ್ತು? ಬಣ್ಣ ಅಳಿಸಿಹೋಯ್ತಾ?" ಬುರುಲ್ ನಗಲು ಹೋದಳು, ಅರ್ಧಕ್ಕೆ ನಿಲ್ಲಿಸಿದಳು. "ನಾಲಗೆ ಮೇಲೆ ಇರುವೆ ಓಡಾಡಿದ ಹಾಗಿದೆ ಕಣೇ. ಜಾಮ್ ಹುಳಿ ಬಂದಿದೆ ಅಂದ್ಕೊಂಡಿದ್ದೆ."

ಜೂರಾ ಹಲಗೆಯನ್ನು ಎತ್ತಿ ಹಿಡಿದಳು. ಬುರುಲ್ ಕನ್ನಡಕ ಏರಿಸಿ ನೋಡಿದಳು. ಇಂಥ ಹಲಗೆಗಳನ್ನು ಓದುತ್ತಲೇ ತಲೆ ನರೆಸಿಕೊಂಡವಳು, ವಿವರಿಸುವ ಅಗತ್ಯವಿರಲಿಲ್ಲ. ಮುಖದ ಬಣ್ಣ ಇಳಿಯಿತು.

"ಎರಡು ಬಟ್ಟಲು ಕುಡಿದೆನಲ್ಲೇ ನಾನು," ಎಂದಳು, ಪುಟ್ಟ ಹುಡುಗಿಯ ದನಿಯಲ್ಲಿ.

ಜೂರಾ ಆಂಬುಲೆನ್ಸಿಗೆ ಫೋನ್ ಮಾಡಿದಳು. ಅವರು ಬರುವಷ್ಟರಲ್ಲಿ ಬುರುಲ್ ಎರಡು ಸಲ ವಾಂತಿ ಮಾಡಿ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದಳು. ತನ್ನ ಕೈಯನ್ನು ಮುಖದ ಮುಂದೆ ಹಿಡಿದು ನೋಡುತ್ತಿದ್ದಳು. "ಇದು ನನ್ನ ಕೈಯೇ ಅಲ್ಲ ಅನ್ಸುತ್ತೆ, ಜೂರಾ. ಬಿಗಿಯಾಗಿ ಹಿಡ್ಕೋ. ಇನ್ನೂ ಬಿಗಿ." ಜೂರಾ ಹಿಡಿದೇ ಇದ್ದಳು. ಬುರುಲ್‌ಗೆ ಅದು ತಿಳಿಯುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಇಬ್ಬರ ಎದೆಗೂ ತಂತಿ ಅಂಟಿಸಿದರು. ಪರದೆಯ ಆಚೆ ಬುರುಲಳ ಯಂತ್ರ ಹತೋಟಿ ತಪ್ಪಿದ ಕುದುರೆಯಂತೆ ಓಡುವುದು, ಎಡವುವುದು, ಮತ್ತೆ ಓಡುವುದು ಜೂರಾಳಿಗೆ ಕೇಳುತ್ತಿತ್ತು. ಒಮ್ಮೆ ಅದು ಒಂದೇ ಸಮನೆ ಕೂಗಿತು. ಡಾಕ್ಟರು "ದೂರ ಸರೀರಿ!" ಎಂದು ಅರಚಿದರು. ಮಂಚ ಧಡಕ್ಕೆಂದಿತು. ಜೂರಾ ದಿಂಬನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಯಂತ್ರ ಮತ್ತೆ ಟಿಕ್ ಟಿಕ್ ಎನ್ನತೊಡಗಿತು.

"ಇನ್ಯಾರಾದ್ರೂ ಕುಡಿದಿದ್ದಾರಾ?" ಡಾಕ್ಟರು ಬಂದು ಕೇಳಿದರು.

ಜೂರಾ ಎದ್ದು ಕೂತಳು. ಅನಾರ್ಕಾನ್! ಗಾಬರಿಯಲ್ಲಿ ಅವಳು ಮನಸ್ಸಿನಿಂದಲೇ ಜಾರಿಹೋಗಿದ್ದಳು. ಫೋನ್ ಮಾಡಿದರೆ ಹೋಗುತ್ತಿಲ್ಲ. ಕಣಿವೆ ಹೊಕ್ಕರೆ ನಮ್ಮ ಫೋನುಗಳಿಗೆ ಸಿಗ್ನಲ್ ಸಿಗುವುದೇ ಅಪರೂಪ. ಮತ್ತೆ ಮಾಡಿದಳು, ಮತ್ತೆ ಮಾಡಿದಳು. ಕೊನೆಗೆ ನರ್ಸ್ ವ್ಯಾನ್ ನಿಲ್ದಾಣದವರನ್ನು ಹಿಡಿದು ಡ್ರೈವರನ ಬಳಿಯಿದ್ದ ಬೇರೆ ಕಂಪನಿಯ ನಂಬರು ಪಡೆದಳು. ಅದಕ್ಕೆ ಕರೆ ಹೋಯಿತು.

"ಶಾಲು ಕಟ್ಟಿರೋ ಹೆಂಗಸಾ? ಇದಾರೆ," ಎಂದ ಡ್ರೈವರ್. "ದಾರಿಯುದ್ದಕ್ಕೂ ವಾಂತಿ. ತಿರುವು ಜಾಸ್ತಿ ಅಲ್ವಾ, ಅದಕ್ಕೇ ಅಂದ್ಕೊಂಡೆ. ಈಗ ನಿದ್ದೆ ಮಾಡ್ತಿದಾರೆ."

"ನಿದ್ದೆ ಅಲ್ಲ ಅದು, ವಿಷ ಏರಿರೋದು! ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ, ಗಾಡಿ ತಿರುಗಿಸಿ!" ಎಂದು ಜೂರಾ ಕೂಗಿದಳು.

ತುಂಬಿದ ಗಾಡಿಯಲ್ಲಿ ಗಲಾಟೆಯೆದ್ದದ್ದು ಫೋನಿನಲ್ಲೇ ಕೇಳಿತು. ಯಾರೋ ಬೈದರು, ಯಾರೋ ಒಬ್ಬ ಮುದುಕಿ ಬೈದವನಿಗೇ ಬೈದಳು. ಗಾಡಿ ತಿರುಗಿತು.

ಅನಾರ್ಕಾನಳನ್ನು ಹೊತ್ತು ತಂದಾಗ ಅವಳ ಮುಖ ಬೂದಿ ಬಣ್ಣಕ್ಕಿತ್ತು. ಆದರೆ ಮಾರನೆಯ ಬೆಳಿಗ್ಗೆ ಕಣ್ಣು ತೆರೆದಳು. ಬುರುಲ್ ಕೂಡ ತೆರೆದಳು, ನೀರು ಕೇಳಿದಳು, ಕೊಟ್ಟ ನೀರನ್ನು ಮೂಸಿ ನೋಡಿಯೇ ಕುಡಿದಳು.

ಆದದ್ದು ಇಷ್ಟೇ. ಅನಾರ್ಕಾನಳಿಗೆ ಬೇರು ಅಗೆದು ಕೊಡುವವನು ಅವಳ ತಮ್ಮ ರಿಸ್ಪೆಕ್. ಈ ಸಲ ಬೇರೊಬ್ಬ ವ್ಯಾಪಾರಿಗಾಗಿ ವಿಷಬೇರನ್ನೂ ಅಗೆದು ಅದೇ ಅಟ್ಟದಲ್ಲಿ ಒಣಗಿಸಿದ್ದ. ಕತ್ತರಿಸಿ ಚೀಲಕ್ಕೆ ತುಂಬಿದ ಮೇಲೆ ಎರಡೂ ಒಂದೇ ಥರ ಕಂಡಿದ್ದವು, ಅಕ್ಕನ ಚೀಲಕ್ಕೆ ಅದೂ ಸೇರಿಹೋಗಿತ್ತು.

ಅದನ್ನು ಕೇಳಿ ಅನಾರ್ಕಾನ್ ಅಳಲಿಲ್ಲ. ಅವಳ ಕಣ್ಣು ಬಾಗಿಲಿನ ಕಡೆ ಹೋಯಿತು. "ಜೂರಾ," ಎಂದಳು ಮೆಲ್ಲಗೆ, "ಬಜಾರಿನ ಅಂಗಡಿ ಸೈನಾಪ್‌ಗೆ ಇದೇ ಸರಕಿನ ಒಂದು ಡಬ್ಬ ಪೊಟ್ಟಣ ಮೊದಲೇ ಕೊಟ್ಟುಬಿಟ್ಟಿದೀನಿ. ನೀವು ಹೇಗೂ ಪಾಸ್ ಮಾಡ್ತೀರಲ್ಲ ಅಂತ."

ತಂತಿ ಕಿತ್ತುಕೊಂಡು ಜೂರಾ ಬಜಾರಿಗೆ ಓಡಿದಳು. ಸೈನಾಪ್ ಗಿರಾಕಿಗಳಿಗೆಲ್ಲ ಫೋನ್ ಮಾಡಿದಳು. ಮಸೀದಿಯ ಮೈಕಿನಲ್ಲೂ ಕೂಗಿಸಿದರು. ಸಂಜೆಯೊಳಗೆ ಪೊಟ್ಟಣಗಳು ವಾಪಸ್ ಬಂದವು. ಒಂದು ಮಾತ್ರ ಬರಲಿಲ್ಲ. ಅದನ್ನು ಕೊಂಡವನು ಕುರಿಸಂತೆಗೆ ಬಂದಿದ್ದ ಒಬ್ಬ ಮುದುಕ. ಕುಂಟುತ್ತಿದ್ದ. ಹೆಸರು ಸೈನಾಪ್‌ಗೆ ಗೊತ್ತಿಲ್ಲ.

ಮುಂದಿನ ಸಂತೆಯವರೆಗೆ ಆ ಮೂವರು ಹೆಂಗಸರು ಬದುಕಿದ್ದು ಹೇಗೋ. ಆಂಬುಲೆನ್ಸಿನ ಸದ್ದು ಕೇಳಿದರೆ ಜೂರಾ ಕಿಟಕಿಗೆ ಓಡುವಳು. ಸಾವಿನ ಸುದ್ದಿ ಯಾವ ಹಳ್ಳಿಯಿಂದ ಬಂದರೂ ಅನಾರ್ಕಾನ್ "ಕುಂಟುತ್ತಿದ್ದನಾ?" ಎಂದು ಕೇಳುವಳು.

ಸಂತೆಯ ದಿನ ಬೆಳಕು ಹರಿಯುವ ಮೊದಲೇ ಅನಾರ್ಕಾನ್ ಸಂತೆಯ ಗೇಟಿನ ಬಳಿ ನಿಂತಳು, ಜೊತೆಗೆ ಜೂರಾ. ಕುಂಟುವ ಮುದುಕರು ನಮ್ಮಲ್ಲಿ ಎಷ್ಟು ಜನ! ಎಲ್ಲರನ್ನೂ ತಡೆದು ಕೇಳಿದರು. ಬಿಸಿಲೇರಿದ ಮೇಲೆ ಒಬ್ಬ ಸಿಕ್ಕಿದ.

"ಹೌದು, ತಗೊಂಡಿದೀನಿ. ಜೇಬಲ್ಲೇ ಇದೆ," ಎಂದ ಆತ. "ಮಗಳ ಮನೆಗೆ ಹೋಗ್ತಿದೀನಿ, ಅಲ್ಲಿ ಹೋಗಿ ಕುಡಿಯೋಣ ಅಂತ. ಯಾಕೆ?"

"ಕೊಡಿ, ಅಜ್ಜಾ. ಅದರಲ್ಲಿ ವಿಷ ಇದೆ," ಎಂದಳು ಅನಾರ್ಕಾನ್.

"ಓಹೋ! ದುಡ್ಡು ಕೊಟ್ಟು ತಗೊಂಡಿದ್ದು ಕಣಮ್ಮ. ಈಗ ರೇಟು ಏರಿತು ಅಂತ ವಾಪಸ್ ಬೇಕಾ? ನನ್ನ ಕಿವಿಗೆ ಹೂ ಇಡ್ತೀಯಾ?" ಆತ ಜೇಬಿನ ಮೇಲೆ ಕೈ ಮುಚ್ಚಿಕೊಂಡ.

ಅನಾರ್ಕಾನ್ ಮುಂದಕ್ಕೆ ನುಗ್ಗಿದಳು. ಮುದುಕನ ಮೇಲೆ ಎರಗಿ, ಕೋಟಿನ ಜೇಬು ಪರ್‍ರನೆ ಹರಿಯುವ ಹಾಗೆ ಪೊಟ್ಟಣ ಕಿತ್ತುಕೊಂಡಳು. "ಕಳ್ಳಿ! ಹಿಡೀರಿ, ಕಳ್ಳಿ!" ಎಂದು ಆತ ಕೂಗಿದ. ಜನ ಓಡಿಬಂದು ಅವಳ ತೋಳು ಹಿಡಿದರು. ಪೊಟ್ಟಣದ ಅಂಟು ಬಿಚ್ಚಿರಲಿಲ್ಲ. ಅದನ್ನು ಎದೆಗವಚಿಕೊಂಡು ಅವಳು ಕೆಸರಿನಲ್ಲೇ ಕೂತು, ಅಷ್ಟು ದಿನ ಅಳದೆ ಉಳಿದದ್ದನ್ನೆಲ್ಲ ಅತ್ತಳು.